ಗೀರು ಬಿದ್ದ ಲೆನ್ಸಿನ ಪರವಾಗಿ

ಹಳೆಯ ಲೆನ್ಸ್ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಮೊಬೈಲಿನ ಟಾರ್ಚ್ ಹಚ್ಚುವುದು. ಹಿಂದಿನಿಂದ ಬೆಳಕು ಬಿಟ್ಟು, ಮುಂದಿನ ಗಾಜನ್ನು ಓರೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಗೀರೊಂದು ಮಿಂಚಿತೋ, ವ್ಯಾಪಾರ ಅಲ್ಲಿಗೇ ಕೆಟ್ಟಿತು. ಮಾರುವವನು "ಫೋಟೊದಲ್ಲಿ ಬರಲ್ಲ ಸಾರ್" ಎಂದು ಎಷ್ಟು ಹೇಳಿದರೂ ಅದು ಮಾಲು ಸಾಗಿಸುವ ಮಾತಾಗಿಯೇ ಕೇಳುತ್ತದೆ. ತಮಾಷೆಯೆಂದರೆ, ಬಹುಪಾಲು ಸಲ ಅವನು ಹೇಳುತ್ತಿರುವುದು ನಿಜ. ಅದೇ ಲೆನ್ಸಿನ ಒಳಗಾಜಿಗೆ ತೆಳುವಾದ ಮಬ್ಬು ಕವಿದಿದ್ದರೆ "ಒರೆಸಿದರೆ ಹೋಗುತ್ತೆ" ಎಂದು ದಾಟಿಬಿಡುತ್ತೇವೆ. ಯಾವಾಗಲೋ ಕೆಳಗೆ ಬಿದ್ದು ಒಳಗಿನ ಗಾಜೊಂದು ಕೂದಲೆಳೆಯಷ್ಟು ವಾಲಿದ್ದರೆ ಅದು ಟಾರ್ಚಿಗೆ ಸಿಗುವುದೇ ಇಲ್ಲ. ಫೋಟೊ ಕೆಡಿಸುವುದು ಈ ಎರಡೇ ಹೊರತು ಆ ಗೀರಲ್ಲ. ನಾವು ಲೆನ್ಸನ್ನು ನೋಡಿ ಕೊಳ್ಳುತ್ತೇವೆ, ಲೆನ್ಸಿನ ಮೂಲಕ ನೋಡಿ ಕೊಳ್ಳುವುದಿಲ್ಲ. ಗೀರಿನ ಬಗೆಗಿನ ನಮ್ಮ ಭಯ ಗೀರಿಗಿಂತ ಹೆಚ್ಚು ಹಾನಿ ಮಾಡಿದೆ ಎಂಬುದು ಈ ಲೇಖನದ ವಾದ.

ಹತ್ತನೇ ತರಗತಿಯ ವಿಜ್ಞಾನ ಪಠ್ಯದಲ್ಲಿ ಪೀನ ಮಸೂರದ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಏನಾಗುತ್ತದೆ ಎಂಬ ಪ್ರಶ್ನೆಯೊಂದಿದೆ. ಪೂರ್ತಿ ಬಿಂಬವೇ ಮೂಡುತ್ತದೆ, ಹೊಳಪು ಮಾತ್ರ ತಗ್ಗುತ್ತದೆ ಎಂದು ಮಕ್ಕಳು ಸರಿಯಾಗಿ ಬರೆದು ಅಂಕ ಪಡೆಯುತ್ತಾರೆ, ಆಮೇಲೆ ಮರೆಯುತ್ತಾರೆ. ಅರ್ಧ ಮಸೂರ ಮುಚ್ಚಿದರೂ ಬಿಂಬ ಕೆಡುವುದಿಲ್ಲ ಎಂದು ಬರೆದ ಅದೇ ಕೈ, ಮುಂದೆ ಸಂಬಳ ಬಂದು ಕ್ಯಾಮೆರಾ ಕೊಳ್ಳುವ ಹೊತ್ತಿಗೆ ಕೂದಲಗಲದ ಗೀರಿಗೆ ಹೆದರಿ ಹಿಂದೆ ಸರಿಯುತ್ತದೆ.

ಮರದ ತುದಿಯ ಒಂದು ಎಲೆಯಿಂದ ಹೊರಟ ಬೆಳಕು ಲೆನ್ಸಿನ ಯಾವುದೋ ಒಂದು ಬಿಂದುವಿಗೆ ಬಂದು ತಾಗುವುದಿಲ್ಲ, ಗಾಜಿನ ಮೈತುಂಬ ಬೀಳುತ್ತದೆ. ಹಾಗೆ ಬಿದ್ದದ್ದನ್ನೆಲ್ಲ ಬಾಗಿಸಿ ಮತ್ತೆ ಒಂದೇ ಬಿಂದುವಿಗೆ ತಂದು ಕೂಡಿಸುವುದು ಲೆನ್ಸಿನ ಕೆಲಸ. ಪಕ್ಕದ ಎಲೆಯ ಬೆಳಕೂ ಅಷ್ಟೇ, ಅದೂ ಇಡೀ ಗಾಜನ್ನು ಬಳಸಿಕೊಂಡೇ ತನ್ನ ಬಿಂದುವನ್ನು ಸೇರುತ್ತದೆ. ಗಾಜಿನ ಎಡಭಾಗ ಚಿತ್ರದ ಎಡಭಾಗವನ್ನು ಮೂಡಿಸುತ್ತದೆ, ಬಲಭಾಗ ಬಲಭಾಗವನ್ನು ಎಂಬ ಲೆಕ್ಕ ಇಲ್ಲಿಲ್ಲ. ಆದ್ದರಿಂದ ಗೀರು ಚಿತ್ರದಿಂದ ಒಂದು ಗೆರೆಯನ್ನು ಕಿತ್ತುಕೊಳ್ಳಲಾರದು. ಎಲ್ಲ ಬಿಂದುಗಳ ಪಾಲಿನಿಂದಲೂ ಒಂದೊಂದು ಚಿಟಿಕೆ ಬೆಳಕನ್ನು ಕದಿಯುತ್ತದೆ, ಅಷ್ಟೇ. ಜೊತೆಗೆ ಗೀರು ಇರುವ ಜಾಗ ಕ್ಯಾಮೆರಾ ಫೋಕಸ್ ಮಾಡಬಲ್ಲ ದೂರಕ್ಕಿಂತ ಎಷ್ಟೋ ಹತ್ತಿರ. ಅದರ ಬಿಂಬ ಸೆನ್ಸರಿನ ಮೇಲೆ ಮೂಡಲು ದಾರಿಯೇ ಇಲ್ಲ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ಮೈಸೂರಿನ ಮೃಗಾಲಯದಲ್ಲಿ ಹಕ್ಕಿಗಳ ಪಂಜರದ ಮುಂದೆ ನಿಂತರೆ ಸಾಕು. ನಾಲ್ಕು ಹೆಜ್ಜೆ ಹಿಂದೆ ನಿಂತು ಕ್ಲಿಕ್ಕಿಸಿದರೆ ತಂತಿ ಜಾಲರಿಯ ಫೋಟೊ ಬರುತ್ತದೆ, ಹಕ್ಕಿ ಅದರ ಹಿಂದೆ ಕೈದಿ. ಪಳಗಿದವರು ಟೆಲಿ ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿದು, ಬೆಳಕಿನ ಕಿಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ಒಳಗೆ ದೂರದ ಕೊಂಬೆಯ ಮೇಲಿರುವ ಹಕ್ಕಿಗೆ ಫೋಕಸ್ ಮಾಡುತ್ತಾರೆ. ಜಾಲರಿ ಮಾಯ. ಗಾಜಿನ ಮೇಲಿನ ಯಾವ ಗೀರಿಗಿಂತಲೂ ಹತ್ತಿಪ್ಪತ್ತು ಪಟ್ಟು ದಪ್ಪದ ತಂತಿಗಳು ಲೆನ್ಸಿನ ಮುಂದೆ ಅಡ್ಡಡ್ಡ ಉದ್ದುದ್ದ ಇದ್ದೂ ಚಿತ್ರದಲ್ಲಿ ಇಲ್ಲ. ಆದರೆ ಅದೇ ಜಾಲರಿಯ ಮೇಲೆ ನೇರ ಬಿಸಿಲು ಬಿದ್ದಿದ್ದರೆ ಚಿತ್ರಕ್ಕೆ ಒಂದು ಬಿಳಿಚು ಬರುತ್ತದೆ, ಹಕ್ಕಿಯ ಕಪ್ಪು ರೆಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಅನುಭವಿಗಳು ಜಾಲರಿಯ ಆ ಭಾಗಕ್ಕೆ ಅಂಗೈಯನ್ನೋ ಟೊಪ್ಪಿಯನ್ನೋ ನೆರಳು ಹಿಡಿಯುವುದು. ಅಪರ್ಚರನ್ನು ಎಫ್/16ಕ್ಕೆ ಕಿರಿದು ಮಾಡಿದರೆ ಮಾಯವಾಗಿದ್ದ ಜಾಲರಿ ಮಸುಕು ಪಟ್ಟೆಗಳಾಗಿ ಮರಳಿ ಬರುತ್ತದೆ. ಗೀರಿನ ಪೂರ್ತಿ ಕಥೆ ಈ ಮೂರು ಅನುಭವಗಳಲ್ಲಿದೆ.

ಈಗ ಸ್ವಲ್ಪ ಲೆಕ್ಕ. ಹಳೆಯ ಕ್ಯಾಮೆರಾಗಳ ಜೊತೆ ಸಾಮಾನ್ಯವಾಗಿ ಬರುತ್ತಿದ್ದ 50 ಮಿ.ಮೀ. ಎಫ್/2 ಲೆನ್ಸನ್ನು ತೆಗೆದುಕೊಳ್ಳಿ. ಪೂರ್ತಿ ತೆರೆದಾಗ ಬೆಳಕು ಒಳಬರುವ ವೃತ್ತದ ವ್ಯಾಸ 25 ಮಿ.ಮೀ., ವಿಸ್ತೀರ್ಣ ಸುಮಾರು 490 ಚದರ ಮಿ.ಮೀ. ಅದರ ಮೇಲೆ 5 ಮಿ.ಮೀ. ಉದ್ದ, 0.1 ಮಿ.ಮೀ. ಅಗಲದ ಗೀರು ಬಿದ್ದಿದೆ ಎನ್ನೋಣ. ಕೊಳ್ಳುವವನು ಓಡಿಹೋಗುವಂಥ ಗೀರು ಅದು, ಉಗುರು ಆಡಿಸಿದರೆ ತಡೆಯುತ್ತದೆ. ಅದರ ವಿಸ್ತೀರ್ಣ ಅರ್ಧ ಚದರ ಮಿ.ಮೀ. ಅಂದರೆ ಬೆಳಕಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಅಷ್ಟು ವ್ಯತ್ಯಾಸವನ್ನು ಯಾವ ಕಣ್ಣೂ ಗುರುತಿಸದು, ಕ್ಯಾಮೆರಾದ ಮೀಟರಿಗೂ ಅದು ಲೆಕ್ಕಕ್ಕಿಲ್ಲ.

ದೂರದರ್ಶಕಗಳವರಿಗೆ ಇದು ಹಳೆಯ ವಿಷಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ ನಡೆಸುತ್ತಿರುವ ವೇಣು ಬಾಪು ದೂರದರ್ಶಕದ ಮುಖ್ಯ ಕನ್ನಡಿ 2.34 ಮೀಟರ್ ಅಗಲ. ಇಂಥ ದೂರದರ್ಶಕಗಳಲ್ಲಿ ಮುಖ್ಯ ಕನ್ನಡಿಯ ಎದುರಿಗೇ, ಬೆಳಕು ಬರುವ ದಾರಿಯ ನಟ್ಟನಡುವೆಯೇ ಎರಡನೆಯ ಕನ್ನಡಿಯೋ ಉಪಕರಣವೋ ಕೂತಿರುತ್ತದೆ. ಹಾಗೆಂದು ಅಲ್ಲಿ ತೆಗೆದ ನಕ್ಷತ್ರಗಳ ಚಿತ್ರದ ಮಧ್ಯೆ ಕಪ್ಪು ತೂತೇನೂ ಇರುವುದಿಲ್ಲ.

ಇದಕ್ಕಿಂತ ವಿಚಿತ್ರವಾದ ಸಾಕ್ಷ್ಯ ಅಮೆರಿಕದ ಟೆಕ್ಸಸ್ ರಾಜ್ಯದ ಮೆಕ್‌ಡೊನಾಲ್ಡ್ ವೀಕ್ಷಣಾಲಯದ್ದು. ಅಲ್ಲಿನ 107 ಇಂಚಿನ ದೂರದರ್ಶಕ ಆಗಿನ್ನೂ ಹೊಸದು, ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. 1970ರ ಫೆಬ್ರವರಿಯ ಒಂದು ರಾತ್ರಿ ಅಲ್ಲಿನದೇ ನೌಕರನೊಬ್ಬ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಅದರ ಮುಖ್ಯ ಕನ್ನಡಿಗೆ ಪಿಸ್ತೂಲಿನಿಂದ ಏಳು ಗುಂಡು ಹೊಡೆದ. ಕನ್ನಡಿ ಒಡೆಯಲಿಲ್ಲ, ಏಳು ಕುಳಿ ಬಿದ್ದವು. ದೂರದರ್ಶಕಕ್ಕಾದ ನಷ್ಟ ಬೆಳಕಿನಲ್ಲಿ ಸುಮಾರು ನೂರಕ್ಕೆ ಒಂದು ಪಾಲು. ಆ ಕನ್ನಡಿಯನ್ನು ಬದಲಿಸಲಿಲ್ಲ. ಹ್ಯಾರ್ಲನ್ ಸ್ಮಿತ್ ಹೆಸರಿನಲ್ಲಿ ಆ ದೂರದರ್ಶಕ ದಶಕಗಳ ಕಾಲ ಆಕಾಶ ನೋಡುತ್ತ ಬಂದಿದೆ. ಗುಂಡು ತಿಂದ ಕನ್ನಡಿಯಿಂದ ಖಗೋಳ ವಿಜ್ಞಾನ ನಡೆಯುವುದಾದರೆ, ಗೀರು ಬಿದ್ದ ಗಾಜಿನಿಂದ ಮಗಳ ನಾಮಕರಣದ ಫೋಟೊ ಯಾಕೆ ಬಾರದು?

ಹಾಗಿದ್ದರೆ ಈ ಭಯ ಎಲ್ಲಿಂದ ಬಂತು? ಫಿಲ್ಮ್ ಕಾಲದಿಂದ ಬಂದಿರಬೇಕು ಎಂದು ನನ್ನ ಊಹೆ. ಆಗ ಪ್ರಿಂಟುಗಳ ಮೇಲೆ ಉದ್ದುದ್ದ ಗೆರೆಗಳು ನಿಜವಾಗಿಯೂ ಬರುತ್ತಿದ್ದವು. ಅವು ಲೆನ್ಸಿನವಲ್ಲ, ನೆಗೆಟಿವಿನವು. ಕ್ಯಾಮೆರಾದೊಳಗೆ ಫಿಲ್ಮ್ ಹಾಯುವ ದಾರಿಯಲ್ಲಿ ಕೂತ ಒಂದು ಮರಳಿನ ಕಣ, ತೊಳೆದ ಫಿಲ್ಮನ್ನು ಬೆರಳಲ್ಲಿ ಜಗ್ಗಿ ನೀರು ತೆಗೆದ ಅವಸರ, ಇವು ಎಳೆದ ಗೆರೆಗಳು. ಬಿಂಬ ಮೂಡುವ ಸಮತಲದ ಮೇಲೆಯೇ ಬಿದ್ದ ಗೀರಾದ್ದರಿಂದ ಅದು ಚೂಪಾಗಿ ಕಾಣುತ್ತಿತ್ತು. ಈಗ ಡಿಜಿಟಲ್ ಕ್ಯಾಮೆರಾದಲ್ಲಿ ಆಕಾಶದ ನೀಲಿಯ ಮೇಲೆ ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಬೂದು ಚುಕ್ಕೆ ಕಂಡರೆ ಅದು ಸೆನ್ಸರಿನ ಮೇಲೆ ಕೂತ ಧೂಳು. ಲೆನ್ಸ್ ಬದಲಿಸಿದರೂ ಚುಕ್ಕೆ ಅಲ್ಲೇ ಇರುತ್ತದೆ. ಆದರೂ ಅಪವಾದ ಹೊರುವುದು ಲೆನ್ಸ್, ಏಕೆಂದರೆ ಕಣ್ಣಿಗೆ ಕಾಣುವ ಗಾಜು ಅದೊಂದೇ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಆ ಮಾರುವವನಂತೆಯೇ ಆಗುತ್ತೇನೆ. ಗೀರು ತೊಂದರೆ ಕೊಡುವ ಸಂದರ್ಭಗಳಿವೆ, ಅವನ್ನು ಮುಚ್ಚಿಡಬೇಕಿಲ್ಲ.

ಮೊದಲನೆಯದು ಅಪರ್ಚರ್. ಅದೇ 50 ಮಿ.ಮೀ. ಲೆನ್ಸನ್ನು ಎಫ್/16ಕ್ಕೆ ಇಳಿಸಿದರೆ ಬೆಳಕು ನುಸುಳುವ ವೃತ್ತ 3 ಮಿ.ಮೀ.ಗೆ ಕುಗ್ಗುತ್ತದೆ. ಗೀರು ಅದರ ಮಧ್ಯೆ ಹಾದುಹೋದರೆ ಈಗ ಸಾವಿರಕ್ಕೆ ಒಂದಲ್ಲ, ನೂರಕ್ಕೆ ನಾಲ್ಕು ಪಾಲು ಬೆಳಕಿಗೆ ಅಡ್ಡ. ವೈಡ್ ಆ್ಯಂಗಲ್ ಲೆನ್ಸುಗಳಲ್ಲಿ ಇದು ಇನ್ನೂ ಬಿಗಿ: 20 ಮಿ.ಮೀ. ಲೆನ್ಸ್ ಎಫ್/16ರಲ್ಲಿ ಬಳಸುವುದು ಒಂದೂಕಾಲು ಮಿ.ಮೀ. ಅಗಲದ ಕಿಂಡಿಯನ್ನು ಮಾತ್ರ, ಮತ್ತು ಚಿತ್ರದ ಬೇರೆ ಬೇರೆ ಭಾಗದ ಬೆಳಕು ಮುಂದಿನ ಗಾಜಿನ ಬೇರೆ ಬೇರೆ ತಾವುಗಳಿಂದ ಒಳಬರುತ್ತದೆ. ಅಲ್ಲಿ ಗೀರು ಚಿತ್ರದ ಒಂದು ಮೂಲೆಯಲ್ಲಿ ಮಸುಕು ಕಲೆಯಾಗಿ ಕುಳಿತುಬಿಡಬಹುದು. ಹಿಂದಿನ ಗಾಜಿನ ಮೇಲಿನ ಗೀರೂ ಇದೇ ಕಾರಣಕ್ಕೆ ಕೆಟ್ಟದ್ದು. ಅಲ್ಲಿ ಬೆಳಕಿನ ಕಂತೆಗಳು ಆಗಲೇ ಕಿರಿದಾಗಿ ಸೆನ್ಸರಿನತ್ತ ಹೊರಟಿರುತ್ತವೆ. ಮುಂದಿನ ಗಾಜಿನ ಗೀರಿಗೆ ಉದಾರಿಗಳಾಗಿ, ಹಿಂದಿನದಕ್ಕೆ ಜಿಪುಣರಾಗಿ. ಮೊಬೈಲ್ ಕ್ಯಾಮೆರಾದ ಕಿಂಡಿಯೂ ಮೂರು ನಾಲ್ಕು ಮಿ.ಮೀ.ಯದಷ್ಟೇ ಆದ್ದರಿಂದ ಅದರ ಗಾಜಿನ ಗೀರು ದೊಡ್ಡ ಲೆನ್ಸಿನ ಗೀರಿಗಿಂತ ಜೋರಾಗಿಯೇ ಮಾತಾಡುತ್ತದೆ.

ಫೋಕಸಿನಿಂದ ಹೊರಗಿರುವ ದೀಪಗಳು ಇನ್ನೊಂದು ಕಡೆ ಗುಟ್ಟು ಬಿಡುತ್ತವೆ. ಹಬ್ಬದ ಸರದೀಪಗಳು ಹಿನ್ನೆಲೆಯಲ್ಲಿ ದುಂಡು ಬಿಲ್ಲೆಗಳಾಗಿ ಅರಳುತ್ತವಲ್ಲ, ಆ ಒಂದೊಂದು ಬಿಲ್ಲೆಯೂ ಲೆನ್ಸಿನ ಕಿಂಡಿಯದೇ ಆಕಾರ. ಗಾಜಿನ ಮೇಲೆ ಗೀರಿದ್ದರೆ ಬಿಲ್ಲೆಯೊಳಗೆ ಗೆರೆ ಕಾಣುತ್ತದೆ. ನಡುವೆ ಕನ್ನಡಿ ಕೂರಿಸಿದ 500 ಮಿ.ಮೀ. ಮಿರರ್ ಲೆನ್ಸುಗಳಲ್ಲಿ ಬಿಲ್ಲೆಗಳು ಬಳೆಗಳಂತೆ ಟೊಳ್ಳಾಗುವುದೂ ಇದೇ ನಿಯಮದಿಂದ. ಇದನ್ನು ದೋಷ ಎನ್ನುವವರು ಎನ್ನಲಿ, ಅದು ಗಮನಿಸಿ ಹುಡುಕಿದವರಿಗೆ ಸಿಗುವ ದೋಷ.

ನಿಜವಾಗಿ ಯೋಚಿಸಬೇಕಾದದ್ದು ಬಿಸಿಲು ಬಿದ್ದ ಜಾಲರಿಯ ಸಂಗತಿಯನ್ನು. ಗೀರು ಬೆಳಕನ್ನು ತಡೆಯುವುದು ಅಲ್ಪ, ಚೆದುರಿಸುವುದೇ ಅದರ ಮುಖ್ಯ ಚಾಳಿ. ಸೂರ್ಯ ಚೌಕಟ್ಟಿನ ಹೊರಗಿದ್ದರೂ ಅವನ ಕಿರಣ ಮುಂದಿನ ಗಾಜಿಗೆ ತಾಗುತ್ತಿದ್ದರೆ ಗೀರಿನ ಒರಟು ಅಂಚು ಆ ಬೆಳಕನ್ನು ದಿಕ್ಕು ದಿಕ್ಕಿಗೆ ಎರಚುತ್ತದೆ. ಅದರಲ್ಲಿ ಒಂದು ಪಾಲು ಸೆನ್ಸರನ್ನು ಸೇರಿ ಇಡೀ ಚಿತ್ರದ ಮೇಲೆ ತೆಳುಪರದೆಯಂತೆ ಹರಡುತ್ತದೆ. ಈ ಪರದೆ ಬೆಳಕಿನ ಭಾಗಗಳಿಗೆ ಏನೂ ಮಾಡದು, ಕತ್ತಲ ಭಾಗವನ್ನು ತಿನ್ನುತ್ತದೆ. ಆಕಾಶದ ಹೊಳಪು 100, ಮರದ ಬುಡದ ನೆರಳಿನ ಹೊಳಪು 1 ಎನ್ನಿ. ಅಂತರ ನೂರು ಪಟ್ಟು. ಚೆದುರಿದ ಬೆಳಕು ಎಲ್ಲೆಡೆಗೂ ಬರೀ 1ನ್ನು ಸೇರಿಸಿತು ಎನ್ನಿ. ಆಕಾಶ 101 ಆಯಿತು, ಯಾರಿಗೂ ತಿಳಿಯಲಿಲ್ಲ. ನೆರಳು 2 ಆಯಿತು. ಅಂತರ ಐವತ್ತು ಪಟ್ಟಿಗೆ ಕುಸಿಯಿತು. ಹಳೆಯ ಲೆನ್ಸಿನ ಫೋಟೊ "ಡಲ್ ಹೊಡೆಯುತ್ತೆ" ಎನ್ನುತ್ತಾರಲ್ಲ, ಆ ಡಲ್ಲು ಇದು. ವಿವರ ಕಳೆದಿರುವುದಿಲ್ಲ, ಕಪ್ಪು ಕಳೆದಿರುತ್ತದೆ.

ಈ ವಿಷಯದಲ್ಲಿ ಒಂದು ಆಳವಾದ ಗೀರಿಗಿಂತ ನೂರಾರು ನವಿರು ಗೀರುಗಳು ಹೆಚ್ಚು ಅಪಾಯಕಾರಿ. ಓರೆ ಬೆಳಕಿನಲ್ಲಿ ಜೇಡನ ಬಲೆಯಂತೆ ಕಾಣುವ, ವೃತ್ತಾಕಾರದ ನಸುಗೆರೆಗಳ ಬಗ್ಗೆ ಹೇಳುತ್ತಿದ್ದೇನೆ. ಒಂದೊಂದೂ 0.01 ಮಿ.ಮೀ. ಅಗಲ, 20 ಮಿ.ಮೀ. ಉದ್ದ ಎಂದಿಟ್ಟುಕೊಂಡು ಇನ್ನೂರು ಗೆರೆಗಳನ್ನು ಕೂಡಿಸಿದರೆ 40 ಚದರ ಮಿ.ಮೀ., ನಮ್ಮ 490ರಲ್ಲಿ ನೂರಕ್ಕೆ ಎಂಟು ಪಾಲು. ಮೇಲಿನ ಉಗುರು ತಡೆಯುವ ಗೀರಿನ ಎಂಬತ್ತು ಪಟ್ಟು. ಸಾಲದ್ದಕ್ಕೆ, ಬೆಳಕಿನ ಅಲೆ ಎದುರಿಸುವ ಅಡ್ಡಿ ಎಷ್ಟು ಸಪೂರವೋ ಅಷ್ಟು ಅಗಲಕ್ಕೆ ಅದು ಹರಡುತ್ತದೆ. ದಪ್ಪ ಗೀರು ಚೆದುರಿಸಿದ ಬೆಳಕಿನ ಬಹುಪಾಲು ದೀಪದ ಆಸುಪಾಸಿನಲ್ಲೇ ಉಳಿದರೆ, ನವಿರು ಗೀರುಗಳದ್ದು ಚಿತ್ರದ ತುಂಬ ಮಂಜಾಗಿ ಹಬ್ಬುತ್ತದೆ. ಟಾರ್ಚ್ ಹಿಡಿದವನು ದಪ್ಪ ಗೀರಿಗೆ ಬೆಚ್ಚಿ, ನವಿರು ಬಲೆಯನ್ನು "ಕ್ಲೀನಿಂಗ್ ಮಾರ್ಕ್ಸ್, ಪರವಾಗಿಲ್ಲ" ಎಂದು ಒಪ್ಪಿಕೊಳ್ಳುವುದು ನೋಡಿದರೆ ನಗು ಬರುತ್ತದೆ.

ಆ ನವಿರು ಗೀರುಗಳನ್ನು ಮಾಡಿದವರು ಯಾರು? ಹೆಸರೇ ಹೇಳುತ್ತದೆ. ಒರೆಸಿದವರು. ರಸ್ತೆಯ ಧೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ, ಗಡಸುತನದ ಮೋಸ್ ಮಾಪಕದಲ್ಲಿ ಅದರ ಅಂಕ 7. ಲೆನ್ಸಿನ ಗಾಜುಗಳು ಸಾಮಾನ್ಯವಾಗಿ 5ರಿಂದ 6ರ ಆಸುಪಾಸು. ಧೂಳು ಕೂತ ಲೆನ್ಸನ್ನು ಅಂಗಿಯ ಚುಂಗಿನಿಂದಲೋ ಕರವಸ್ತ್ರದಿಂದಲೋ ಉಜ್ಜಿದರೆ ನಾವು ಗಾಜಿನ ಮೇಲೆ ಮರಳುಕಾಗದ ಆಡಿಸುತ್ತಿದ್ದೇವೆ ಎಂದರ್ಥ. ಕೆಲವು ಹಳೆಯ ಲೆನ್ಸುಗಳಂತೂ ಇನ್ನೂ ಮೆದು. 1933ರಲ್ಲಿ ಬಂದ ಲೈಕಾದ ಸುಮಾರ್ ಲೆನ್ಸಿನ ಮುಂದಿನ ಗಾಜು ಎಷ್ಟು ಸುಕುಮಾರ ಎಂದರೆ, ಗೀರಿಲ್ಲದ ಸುಮಾರ್ ಇಂದು ಸಂಗ್ರಾಹಕರ ಪಾಲಿಗೆ ಅಪರೂಪದ ವಸ್ತು. ಅದರ ಮಾಲೀಕರೆಲ್ಲ ಒರಟರಾಗಿದ್ದರೆಂದಲ್ಲ. ದುಬಾರಿ ವಸ್ತುವೆಂದು ದಿನಾ ಒರೆಸಿದವರು ಅವರು. ಒಂದು ಧೂಳಿನ ಕಣ ಗಾಜಿನ ಮೇಲೆ ವರ್ಷವಿಡೀ ಕೂತಿದ್ದರೂ ಫೋಟೊಕ್ಕೆ ಏನೂ ಆಗುತ್ತಿರಲಿಲ್ಲ, ಅದನ್ನು ತೆಗೆಯಲು ಹೋದ ಕೈಯಿಂದ ಆಯಿತು.

ಇದಕ್ಕಿಂತ ದೊಡ್ಡ ಅನಾಹುತ ಟೂತ್‌ಪೇಸ್ಟ್. ಗಡಿಯಾರದ ಗಾಜಿಗೆ, ಮೊಬೈಲಿನ ಪರದೆಗೆ ಬಳಿದು ಉಜ್ಜಿದರೆ ಗೀರು ಹೋಗುತ್ತದೆ ಎಂಬ ಉಪಾಯ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಲೆನ್ಸಿನ ಮೇಲೂ ಪ್ರಯೋಗಿಸುವ ಧೀರರಿದ್ದಾರೆ. ಟೂತ್‌ಪೇಸ್ಟಿನಲ್ಲಿರುವುದು ಉಜ್ಜಿ ಸವೆಸುವ ಪುಡಿ. ಅದು ಮೊದಲು ಪ್ರತಿಫಲನ ತಗ್ಗಿಸಲು ಗಾಜಿಗೆ ಹಾಕಿರುವ ಲೇಪವನ್ನು ತೆಗೆಯುತ್ತದೆ, ಆಮೇಲೆ ಗಾಜಿನ ಬಾಗನ್ನೇ ಕೆಡಿಸುತ್ತದೆ. ಲೆನ್ಸ್ ತಾಳಿಕೊಳ್ಳಲಾರದ್ದು ಬಾಗು ಕೆಡುವುದನ್ನು. 1990ರಲ್ಲಿ ಹಬಲ್ ದೂರದರ್ಶಕ ಬಾಹ್ಯಾಕಾಶಕ್ಕೆ ಹೋದಾಗ ಅದರ 2.4 ಮೀಟರ್ ಕನ್ನಡಿಯ ಮೇಲೆ ಗುಂಡಿನ ಕುಳಿ ಹೋಗಲಿ, ಕೂದಲೆಳೆಯ ಗೀರೂ ಇರಲಿಲ್ಲ ಎನ್ನುವಷ್ಟು ನಯವಿತ್ತು. ಆದರೆ ಅಂಚಿನ ಕಡೆಗೆ ಬೇಕಾದದ್ದಕ್ಕಿಂತ ಸುಮಾರು 2.2 ಮೈಕ್ರೋಮೀಟರ್ ಹೆಚ್ಚು ಸವೆದಿತ್ತು. ಮಿಲಿಮೀಟರಿನ ಸಾವಿರದ ಎರಡು ಪಾಲು. ಅಷ್ಟಕ್ಕೇ ಚಿತ್ರಗಳೆಲ್ಲ ಮಸುಕಾದವು, 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವಂತಾಯಿತು. ಟೆಕ್ಸಸ್‌ನ ಗುಂಡು ತಿಂದ ಕನ್ನಡಿ ಕೆಲಸ ಮಾಡಿತು, ನಯವಾದ ಹಬಲ್ ಕನ್ನಡಿ ಮಾಡಲಿಲ್ಲ. ಗೀರು ಹೋಗಲಾಡಿಸಲು ಗಾಜು ಉಜ್ಜುವವನು ಮೊದಲನೆಯದನ್ನು ಎರಡನೆಯದಾಗಿ ಮಾಡಲು ಹೊರಟಿದ್ದಾನೆ.

ಹಳೆಯ ಕಾಲದವರ ಉಪಾಯ ಇದಕ್ಕಿಂತ ಜಾಣತನದ್ದು. ಆಳವಾದ ಗೀರಿಗೆ ಸೂಜಿಮೊನೆಯಷ್ಟು ಇಂಡಿಯನ್ ಇಂಕ್ ತುಂಬಿ ಅದನ್ನು ಕಪ್ಪಾಗಿಸುತ್ತಿದ್ದರು. ಕಪ್ಪು ಗೀರು ಬೆಳಕನ್ನು ತಡೆಯುತ್ತದೆ, ಚೆದುರಿಸುವುದಿಲ್ಲ. ಸಾವಿರದಲ್ಲಿ ಒಂದು ಪಾಲು ಬೆಳಕನ್ನು ಖುಷಿಯಿಂದ ಬಿಟ್ಟುಕೊಟ್ಟು ಚೆದುರಿದ ಬೆಳಕಿನ ಪರದೆಯಿಂದ ಪಾರಾಗುವ ವ್ಯವಹಾರ ಅದು. ನೋಡುವವರ ಕಣ್ಣಿಗೆ ಲೆನ್ಸ್ ಇನ್ನಷ್ಟು ಕುರೂಪವಾಗುತ್ತದೆ, ಫೋಟೊ ಸುಧಾರಿಸುತ್ತದೆ.

ಗೀರಿನ ಭಯ ನಮ್ಮಿಂದ ಮಾಡಿಸುವ ಇನ್ನೊಂದು ಖರ್ಚು ಅಗ್ಗದ ಯುವಿ ಫಿಲ್ಟರ್. "ಲೆನ್ಸಿಗೆ ಸೇಫ್ಟಿ ಇರಲಿ" ಎಂದು ಅಂಗಡಿಯವರು ತಗುಲಿಸಿ ಕೊಡುವ ಆ ಚಪ್ಪಟೆ ಗಾಜನ್ನು ಬಹಳ ಜನ ಮತ್ತೆ ಬಿಚ್ಚುವುದೇ ಇಲ್ಲ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಪ್ರತಿಫಲಿಸುತ್ತದೆ, ಎರಡು ಮೈ ಸೇರಿದರೆ ಎಂಟು. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪಗಳನ್ನು ಅಂಥ ಫಿಲ್ಟರ್ ಹಾಕಿಕೊಂಡು ತೆಗೆದವರಿಗೆ ಗೊತ್ತು: ಮೇಲಿನ ಕಪ್ಪು ಆಕಾಶದಲ್ಲಿ ದೀಪಗಳ ತಲೆಕೆಳಗಾದ ಭೂತಬಿಂಬವೊಂದು ತೇಲುತ್ತಿರುತ್ತದೆ. ಸೆನ್ಸರಿನಿಂದ ಹಿಂದಿರುಗಿದ ಬೆಳಕು ಫಿಲ್ಟರಿಗೆ ಬಡಿದು ಮತ್ತೆ ಒಳಬಂದ ಫಲ ಅದು. ಬೀಳಬಹುದಾದ ಗೀರಿಗೆ ಹೆದರಿ, ಅದಕ್ಕಿಂತ ಹೆಚ್ಚು ಕಾಣುವ ದೋಷವನ್ನು ದುಡ್ಡು ಕೊಟ್ಟು ಕಾಯಂ ಆಗಿ ಅಂಟಿಸಿಕೊಂಡಿದ್ದೇವೆ. ಸಮುದ್ರದ ಉಪ್ಪುಗಾಳಿ, ರ್‍ಯಾಲಿಯ ಕೆಸರು ಇಂಥ ಕಡೆ ಒಳ್ಳೆಯ ಲೇಪವಿರುವ ಫಿಲ್ಟರ್ ಹಾಕುವುದು ಬೇರೆ ಮಾತು.

ನಮ್ಮ ನಾಡಿನ ಮಟ್ಟಿಗೆ ಲೆನ್ಸಿನ ನಿಜವಾದ ಶತ್ರು ಮಳೆಗಾಲ. ಆಗುಂಬೆ, ಮೂಡಿಗೆರೆ, ಮಡಿಕೇರಿ, ಕರಾವಳಿಯುದ್ದಕ್ಕೂ ಜೂನಿನಿಂದ ಗೋಡೆಗಳೇ ಬೆವರುವಾಗ, ಚರ್ಮದ ಚೀಲದಲ್ಲಿ ಜೋಪಾನವಾಗಿ ಮಲಗಿಸಿದ ಕ್ಯಾಮೆರಾದೊಳಗೆ ಫಂಗಸ್ ಹಬ್ಬುತ್ತದೆ. ಬೇರಿನಂತೆ ಕವಲೊಡೆಯುವ ಅದರ ಎಳೆಗಳು ಆಮ್ಲ ಬಿಟ್ಟು ಲೇಪವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತವೆ. ಅದು ಒಳಗಿನ ಗಾಜುಗಳ ಮೇಲೆ ಇಡೀ ಮೈಗೆ ವ್ಯಾಪಿಸುವುದರಿಂದ ಬೆಳಕನ್ನು ಚೆದುರಿಸುವ ಸಾಮರ್ಥ್ಯದಲ್ಲಿ ಯಾವ ಗೀರೂ ಅದಕ್ಕೆ ಸಮನಲ್ಲ. ಹಳೆಯ ಸ್ಟುಡಿಯೊದವರು ಬೀರುವಿನೊಳಗೆ ಸಣ್ಣ ಬಲ್ಬೊಂದನ್ನು ಹಗಲೂ ರಾತ್ರಿ ಉರಿಸಿಡುತ್ತಿದ್ದದ್ದು ಇದಕ್ಕೇ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೂ ಆದೀತು. ಗೀರು ಬೀಳದಂತೆ ಮುಚ್ಚಿಟ್ಟ ಲೆನ್ಸಿಗೇ ಫಂಗಸ್ ಮೊದಲು ಹಿಡಿಯುವುದು, ಬಿಸಿಲು ಗಾಳಿ ಕಾಣುತ್ತ ದಿನವೂ ದುಡಿಯುವ ಲೆನ್ಸಿಗಲ್ಲ.

ಇಷ್ಟೆಲ್ಲ ಮಾತಿನ ಕೆಳಗೆ ಒಂದು ಪ್ರಶ್ನೆ ಉಳಿದಿದೆ: ಗಾಜು ಹೊಸದರಂತೆ ಇರುವುದೇ ಒಳ್ಳೆಯದು ಎಂಬ ನಂಬಿಕೆಯಾದರೂ ಸರಿಯೇ? ಇಂಗ್ಲೆಂಡಿನಲ್ಲಿ ಕುಕ್ ಟ್ರಿಪ್ಲೆಟ್ ಲೆನ್ಸನ್ನು ರೂಪಿಸಿದ ಡೆನಿಸ್ ಟೇಲರ್ 1890ರ ದಶಕದಲ್ಲಿ ಒಂದು ವಿಚಿತ್ರ ಕಂಡರು. ವರ್ಷಗಳಿಂದ ಗಾಳಿಗೆ ಒಡ್ಡಿಕೊಂಡು ಮೈ ಬಣ್ಣಗೆಟ್ಟ ಲೆನ್ಸುಗಳು ಹೊಸ ಲೆನ್ಸುಗಳಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತಿದ್ದವು. ಆ ಕಿಲುಬಿನ ತೆಳುಪದರ ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಬೇಕೆಂದೇ ಗಾಜಿಗೆ ಕಿಲುಬು ಹಿಡಿಸುವ ರಾಸಾಯನಿಕ ವಿಧಾನಕ್ಕೆ ಅವರು 1904ರಲ್ಲಿ ಪೇಟೆಂಟ್ ಪಡೆದರು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ನಿರ್ವಾತದಲ್ಲಿ ಲೇಪ ಹಾಕುವ ವಿಧಾನ ಕಂಡುಹಿಡಿದ ಮೇಲೆ ಆಕಸ್ಮಿಕ ಕಿಲುಬಿನ ಕೆಲಸವನ್ನು ಕಾರ್ಖಾನೆಯೇ ಮಾಡತೊಡಗಿತು. ಇಂದು ಲೆನ್ಸಿನ ಮೇಲೆ ಮಿನುಗುವ ನೇರಳೆ ಹಸಿರು ಬಣ್ಣಗಳ ಮೂಲಪುರುಷ ಎಂದರೆ ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದಂಥ ಒಂದು ಬಣ್ಣಗೆಟ್ಟ ಗಾಜು.

ಇದರ ತಿರುಗುಮುರುಗು ಕೂಡ ನಡೆದಿದೆ. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರಕ್ಕೆ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಲೆನ್ಸುಗಳ ಲೇಪವನ್ನೇ ಕೀಳಿಸಿದರು. ಎರಡನೇ ಮಹಾಯುದ್ಧದ ಕಾಲದ ಲೆನ್ಸುಗಳಂತೆ ಅವು ಬೆಳಕನ್ನು ಚೆಲ್ಲಲಿ, ಕಪ್ಪು ಬೂದು ಬಣ್ಣಕ್ಕೆ ತಿರುಗಲಿ ಎಂಬುದು ಉದ್ದೇಶ. ಅಷ್ಟು ದೂರ ಯಾಕೆ, ನಮ್ಮ ಎಂಬತ್ತು ತೊಂಬತ್ತರ ದಶಕದ ಮದುವೆ ಆಲ್ಬಮ್ಮುಗಳನ್ನು ತೆರೆಯಿರಿ. ಧಾರೆಯ ಮಂಟಪದ ದೀಪಗಳಿಂದ, ಮದುಮಗಳ ಮೂಗುತಿಯಿಂದ ನಾಲ್ಕು ದಿಕ್ಕಿಗೆ ನಕ್ಷತ್ರದ ಮೊನೆಗಳು ಚಿಮ್ಮುತ್ತಿರುತ್ತವೆ. ಅದು ಸ್ಟಾರ್ ಫಿಲ್ಟರಿನ ಕೃಪೆ. ಸ್ಟಾರ್ ಫಿಲ್ಟರ್ ಎಂದರೆ ಗಾಜಿನ ಮೇಲೆ ಕ್ರಮವಾಗಿ ಅಡ್ಡ ಉದ್ದ ಎಳೆದ ಗೀರುಗಳು, ಬೇರೇನಲ್ಲ. ಲೆನ್ಸಿನಲ್ಲಿ ಒಂದು ಗೀರಿದ್ದರೆ ಬೆಲೆ ಅರ್ಧ ಇಳಿಸಿದ ಅದೇ ಫೋಟೊಗ್ರಾಫರ್, ನೂರು ಗೀರಿನ ಗಾಜನ್ನು ದುಡ್ಡು ಕೊಟ್ಟು ತಂದು ಅದರ ಮುಂದೆ ತಿರುಗಿಸಿ ಕೂರಿಸುತ್ತಿದ್ದ. ಜಾಹೀರಾತಿಗಾಗಿ ಗಡಿಯಾರ ತೆಗೆಯುವವನಿಗೆ ಬೇಕಾದ ಗುಣಮಟ್ಟ ಬೇರೆ, ಅಜ್ಜಿಯ ಮುಖವನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯುವವನಿಗೆ ಬೇಕಾದದ್ದು ಬೇರೆ. ಗೀರಿದ್ದರೂ ಅಜ್ಜಿಯ ಚಿತ್ರಕ್ಕೆ ನಷ್ಟವಿಲ್ಲ, ಸುಕ್ಕುಗಳ ಮೇಲೆ ಒಂದಿಷ್ಟು ಮೆದುತನ ಬಂದರೆ ಅವರೇ ಸಂತೋಷಪಟ್ಟಾರು.

"ನೀವು ಹೇಳುವುದೆಲ್ಲ ಸರಿ, ನಾಳೆ ನಾನು ಮಾರುವಾಗ ಯಾರು ಕೊಳ್ಳುತ್ತಾರೆ?" ಎಂಬ ಆಕ್ಷೇಪವೊಂದಿದೆ. ಅದು ನ್ಯಾಯವಾದದ್ದು. ಗೀರು ಮಾರುಕಟ್ಟೆಯಲ್ಲಿ ಬೆಲೆಯನ್ನು ಕೆಡಿಸುತ್ತದೆ, ನಿಜ. ಆದರೆ ಕೊಳ್ಳುವಾಗಲೇ ಆ ಕಡಿತ ನಿಮಗೆ ಸಿಕ್ಕಿರುತ್ತದೆ. ಇಳಿದ ಬೆಲೆಗೆ ಕೊಂಡದ್ದನ್ನು ಇಳಿದ ಬೆಲೆಗೇ ಮಾರಿದರೆ ಕಳೆದುಕೊಂಡದ್ದೇನು? ಲೆನ್ಸನ್ನು ಬೆಳ್ಳಿಯ ಚೊಂಬಿನಂತೆ ಬೀರುವಿನಲ್ಲಿಡುವ ಸಂಗ್ರಾಹಕರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ, ಅವರು ಗೀರಿಲ್ಲದ್ದನ್ನೇ ಕೊಳ್ಳಲಿ. ಆದರೆ ಕಾಲೇಜು ಓದುತ್ತ, ಮೊದಲ ಹಳೆಯ ಹೀಲಿಯೋಸ್ ಲೆನ್ಸನ್ನೋ ತಕುಮಾರ್ ಲೆನ್ಸನ್ನೋ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಮಾರುಕಟ್ಟೆಯ ಈ ಮೂಢನಂಬಿಕೆ ಒಂದು ಉಪಕಾರ. ಗಾಜಿನ ನಿಜವಾದ ಶಕ್ತಿಗೂ ಅದರ ಬೆಲೆಗೂ ನಡುವೆ ಇಷ್ಟು ದೊಡ್ಡ ಅಂತರ ಸಿಗುವ ಜಾಗ ಛಾಯಾಗ್ರಹಣದಲ್ಲಿ ಮತ್ತೊಂದಿಲ್ಲ.

ಕೊಳ್ಳುವ ಮುನ್ನ ಟಾರ್ಚ್ ಹಚ್ಚಿ, ಬೇಡ ಎನ್ನುವುದಿಲ್ಲ. ಆದರೆ ಹುಡುಕಬೇಕಾದದ್ದು ಮಬ್ಬನ್ನು, ಫಂಗಸ್ಸಿನ ಬೇರನ್ನು, ಹಿಂದಿನ ಗಾಜಿನ ಗಾಯವನ್ನು. ಆಮೇಲೆ ಟಾರ್ಚ್ ಆರಿಸಿ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ. ದೂರದ ಕಟ್ಟಡವೊಂದನ್ನು ಅಪರ್ಚರ್ ಪೂರ್ತಿ ತೆರೆದು ತೆಗೆದು ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಒಂದು ಬದಿ ಚೂಪಾಗಿದ್ದು ಇನ್ನೊಂದು ಬದಿ ಮಸುಕಾಗಿದ್ದರೆ ಒಳಗಿನ ಗಾಜು ವಾಲಿದೆ, ಕೈಮುಗಿದು ಎದ್ದು ಬನ್ನಿ. ಸೂರ್ಯ ಚೌಕಟ್ಟಿನ ಅಂಚಿನಾಚೆಗೆ ಬರುವಂತೆ ನಿಂತು ಒಂದು ಫೋಟೊ, ಕೈ ಅಡ್ಡ ಹಿಡಿದು ನೆರಳು ಮಾಡಿ ಇನ್ನೊಂದು ಫೋಟೊ ತೆಗೆದು ಎರಡನ್ನೂ ಹೋಲಿಸಿ. ಎರಡನೆಯದರಲ್ಲಿ ಕಪ್ಪು ಕಪ್ಪಾಗಿ ಬಂದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ, ಆ ಲೆನ್ಸಿಗೆ ನೆರಳೊಂದಿದ್ದರೆ ಸಾಕು. ಮುಂದಿನ ಗಾಜಿನ ಗೀರನ್ನು ಮಾರುವವನಿಗೆ ಮತ್ತೆ ಮತ್ತೆ ತೋರಿಸಿ, ಮುಖ ಸಪ್ಪಗೆ ಮಾಡಿ, ಬೆಲೆ ಇಳಿಸಿಕೊಳ್ಳಿ. ಉಳಿದ ಹಣದಲ್ಲಿ ಆ ನೆರಳಿಗಾಗಿ ಒಂದು ಲೆನ್ಸ್ ಹುಡ್ ಕೊಳ್ಳಿ.